ಗೋಡೆಯಾಚೆ ಹೋದ ದನಿ

ಅವನನ್ನು ಅವಳು ನೋಡುವ ಮೊದಲೇ ಕೇಳಿಸಿಕೊಂಡಿದ್ದಳು. ಅದೂ ತನ್ನ ದನಿ ಇರಬೇಕಾಗಿದ್ದ ಜಾಗದಲ್ಲಿ.

ಬೆಳಿಗ್ಗೆ ಹಲ್ಲುಜ್ಜುತ್ತಿದ್ದಾಗ ಸಂಪಾದಕರ ಫೋನು ಬಂತು.

"ಮೇಡಂ, ನಿನ್ನೆ ಸಂಜೆ ಕಳಿಸಿದ ಫೈಲಲ್ಲಿ ನೀವೇ ಇಲ್ಲ."

"ಇಲ್ಲ ಅಂದ್ರೆ?"

"ಇಲ್ಲ ಅಂದ್ರೆ ಇಲ್ಲ. ಬೇರೆ ಯಾರೋ ಇದ್ದಾರೆ. ಕೇಳಿಸ್ತೀನಿ, ತಡೀರಿ."

ಫೋನಿನಲ್ಲಿ ಮೊದಲು ಬಂದದ್ದು ಸಾಮಾನು ಖಾಲಿಯಾದ ಕೋಣೆಯೊಂದರ ಸದ್ದು. ಯಾರೋ ಬರಿಗಾಲಲ್ಲಿ ನಡೆದರು, ನಿಂತರು. ಆಮೇಲೆ ಒಂದು ಗಂಡು ದನಿ, ತೀರಾ ಮೆಲ್ಲಗೆ:

"ಇದ್ದೀನಿ... ನಾನೇ ಇರೋದು. ಈಗ ಯಾಕೆ ಸುಮ್ಮನಾದ್ರಿ?"

ಅವಳ ಬಾಯಲ್ಲಿದ್ದ ನೊರೆ ಗಲ್ಲಕ್ಕೆ ಇಳಿಯಿತು. ಒರೆಸಿಕೊಳ್ಳಲಿಲ್ಲ.

ನಿನ್ನೆ ತನ್ನ ಕೋಣೆಯಲ್ಲಿ ಕೂತು ಓದಿದವಳು ಅವಳೊಬ್ಬಳೇ. ಬಾಗಿಲು ಹಾಕಿತ್ತು, ಕಿಟಕಿಗೆ ಕಂಬಳಿ ಕಟ್ಟಿತ್ತು. ಮನೆಯಲ್ಲಿ ಗಂಡಸು ಅಂತ ಇದ್ದದ್ದು ಗೋಡೆಯ ಮೇಲಿನ ಅಪ್ಪನ ಫೋಟೋ ಒಂದೇ. ಅಪ್ಪ ಬದುಕಿದ್ದಾಗಲೂ ಅಷ್ಟು ಮೆಲ್ಲಗೆ ಮಾತಾಡಿದವರಲ್ಲ.

ಕತೆ ಓದುವುದು ಅವಳ ಕೆಲಸ. ಕಿವಿಯಲ್ಲಿ ಕತೆ ಕೇಳುವವರ ಆ್ಯಪ್ ಒಂದಕ್ಕೆ ಮನೆಯಲ್ಲೇ ಕೂತು ಓದಿ, ರೆಕಾರ್ಡ್ ಮಾಡಿ ಕಳಿಸುತ್ತಿದ್ದಳು. ಅವಳದು ತಗ್ಗಿನ, ಅಂಚು ಒಡೆದ ದನಿ. ಹಾಗಾಗಿ ಅವಳ ಪಾಲಿಗೆ ಬರುತ್ತಿದ್ದದ್ದು ದೆವ್ವದ ಕತೆಗಳು ಮಾತ್ರ. ಪ್ರೇಮ ಕತೆ ಕೊಡಿ ಅಂತ ಒಮ್ಮೆ ಕೇಳಿದ್ದಕ್ಕೆ, "ನೀವು 'ಪ್ರಿಯಾ' ಅಂದ್ರೆ ಕೇಳೋರು ದೀಪ ಹಾಕ್ಕೋತಾರೆ ಮೇಡಂ," ಎಂದಿದ್ದರು ಸಂಪಾದಕರು. ಅವಳನ್ನು ನೋಡಲು ಬರಬೇಕಿದ್ದ ಒಬ್ಬ ವರ ಫೋನಿನಲ್ಲಿ ಎರಡು ನಿಮಿಷ ಮಾತಾಡಿ, "ಅಂಕಲ್, ಸ್ವಲ್ಪ ಹುಡುಗಿಗೆ ಕೊಡ್ತೀರಾ?" ಎಂದಿದ್ದ.

ಅಂದಿನಿಂದ ಅವಳು ಮೈಕಿನ ಮುಂದೆ ಬಿಟ್ಟರೆ ಬೇರೆಲ್ಲೂ ಹೆಚ್ಚು ಮಾತಾಡುತ್ತಿರಲಿಲ್ಲ.

ಈಗ ಕೆಲವು ದಿನಗಳಿಂದ ಕಂಪ್ಯೂಟರೂ ಮಾತು ಬಿಟ್ಟಿತ್ತು.

ಯಾವುದೋ ಅಪ್‌ಡೇಟ್ ತನ್ನಷ್ಟಕ್ಕೆ ಬಂದು ಕೂತಿತ್ತು. ಮಾರನೆಯ ದಿನ ನೋಡಿದರೆ ಪರದೆಯ ಮೂಲೆಯಲ್ಲಿ ಸ್ಪೀಕರ್ ಚಿತ್ರದ ಮೇಲೆ ಕೆಂಪು ಗುರುತು. ಸದ್ದೇ ಇಲ್ಲ. ಅವಳು ರಿಪೇರಿಯವನಿಗೆ ಫೋನು ಮಾಡಿದಳು. ಬೀದಿಯವರೆಲ್ಲ ಅವನನ್ನು ರೀಸ್ಟಾರ್ಟ್ ಎಂದೇ ಕರೆಯುತ್ತಿದ್ದರು. ಯಾವ ಕಾಯಿಲೆಗೂ ಅವನು ಮೊದಲು ಬರೆದುಕೊಡುವ ಔಷಧಿ ಅದು.

"ಡ್ರೈವರ್ ಅಂದ್ರೆ ಕಂಪ್ಯೂಟರಿಗೂ ಅದರ ಗಂಟಲಿಗೂ ನಡುವೆ ಇರೋ ದಲ್ಲಾಳಿ, ಮೇಡಂ. ಅಪ್‌ಡೇಟ್ ಬಂದಾಗ ದಲ್ಲಾಳಿ ಓಡಿಹೋಗಿದ್ದಾನೆ. ಡಿವೈಸ್ ಮ್ಯಾನೇಜರ್ ತೆಗೀರಿ. ಹಳದಿ ತ್ರಿಕೋನ ಕಾಣುತ್ತಾ?"

"ಕಾಣುತ್ತೆ."

"ಅದನ್ನ ಅನ್‌ಇನ್‌ಸ್ಟಾಲ್ ಮಾಡಿ. ಆಮೇಲೆ..."

"ರೀಸ್ಟಾರ್ಟ್."

"ನೋಡಿ, ನಿಮಗೇ ಎಲ್ಲ ಗೊತ್ತಿದೆ."

ಮಾಡಿದಳು. ಹಳದಿ ತ್ರಿಕೋನ ಹೋಗಲಿಲ್ಲ. ಇಂಟರ್ನೆಟ್‌ನಿಂದ ಒಂದು ಡ್ರೈವರ್ ಇಳಿಸಿಕೊಂಡಳು. ಅದು ಬೇರೆ ಮಾದರಿಯ ಕಂಪ್ಯೂಟರಿನದಂತೆ. ಇನ್ನೊಂದು ಇಳಿಸಿದಳು. ಪ್ರತಿಸಲವೂ ಪರೀಕ್ಷೆಗೆ ಅಂತ ಹಳೆಯ ಕತೆಯೊಂದರ ಮೊದಲ ಸಾಲನ್ನು ಹಚ್ಚುತ್ತಿದ್ದಳು. ಅದು ಅವಳದೇ ದನಿಯಲ್ಲಿ, "ಒಳಗೆ ಯಾರಿದ್ದೀರಿ?" ಎಂಬ ಸಾಲು.

ಕೊನೆಗೆ, ನಿನ್ನೆ ಸಂಜೆ, ಕೆಂಪು ಗುರುತು ಇದ್ದಕ್ಕಿದ್ದಂತೆ ಹೋಯಿತು. ಸಾಲು ಹಚ್ಚಿದರೆ ಪರದೆಯ ಮೇಲೆ ಹಸಿರು ಪಟ್ಟಿ ಏರಿಳಿಯಿತು. ಅಂದರೆ ಕಂಪ್ಯೂಟರಿನ ಪ್ರಕಾರ ಅದು ಮಾತಾಡುತ್ತಿತ್ತು. ಕೋಣೆಯಲ್ಲಿ ಮಾತ್ರ ನಿಶ್ಶಬ್ದ.

"ಪಟ್ಟಿ ಕುಣೀತಿದೆಯಾ? ಹಾಗಾದ್ರೆ ಡ್ರೈವರ್ ಕೂತಿದೆ. ನಿಮ್ಮ ಸ್ಪೀಕರೇ ಸತ್ತಿರಬೇಕು," ಎಂದ ರೀಸ್ಟಾರ್ಟ್.

ಕತೆಯ ಕಂತು ಕಳಿಸುವ ಅವಸರ. ಅವಳು ಓದಿ ರೆಕಾರ್ಡ್ ಮಾಡಿದಳು. ಅಲೆ ಅಲೆ ಗೆರೆ ಮೂಡಿದ್ದನ್ನು ನೋಡಿ, ದನಿ ಬಂದಿದೆ ಅಂದುಕೊಂಡು, ಕೇಳದೆಯೇ ಕಳಿಸಿಬಿಟ್ಟಳು.

ಆ ಅಲೆಗಳು ತನ್ನವಲ್ಲ ಅಂತ ಯಾರಿಗೆ ಗೊತ್ತಾಗಬೇಕು?

"ಅಮ್ಮ, ನಿನ್ನೆ ಸಂಜೆ ಮನೆಗೆ ಯಾರಾದ್ರೂ ಬಂದಿದ್ರಾ? ಗಂಡಸರು?"

ಅಮ್ಮ ಕನ್ನಡಕದ ಮೇಲಿಂದ ನೋಡಿದಳು. "ಬಂದಿದ್ರೆ ನಾನು ಸುಮ್ಮನೆ ಬಿಡ್ತಿದ್ನಾ? ಕೂರಿಸಿ, ಏನ್ ಕೆಲಸ ಮಾಡ್ತೀರಿ ಅಂತ ಕೇಳ್ತಿರಲಿಲ್ವಾ?"

"ತಮಾಷೆ ಬೇಡ. ಪಕ್ಕದ ಮನೆಗೆ?"

"ಅಲ್ಲಿ ಯಾರಿದ್ದಾರೆ ಈಗ, ಪಾಪ. ಬೀಗ ಜೋತುಬಿದ್ದಿದೆ, ನೋಡಿಲ್ವಾ."

ನೋಡಿದ್ದಳು. ಪಕ್ಕದ ಮನೆಯಲ್ಲಿ ಇದ್ದವರು ಹೊಲಿಗೆ ಟೀಚರ್. ಕಳೆದ ತಿಂಗಳು ಆಸ್ಪತ್ರೆಗೆ ಹೋದವರು ಹಿಂದಿರುಗಲಿಲ್ಲ. ಅವರ ಕೋಣೆಗೂ ಇವಳ ಕೋಣೆಗೂ ನಡುವೆ ಇದ್ದದ್ದು ಒಂದೇ ಗೋಡೆ.

ಹಗಲೆಲ್ಲ ಮತ್ತೆ ಬಂದು ಕೂತಿದ್ದ ಕೆಂಪು ಗುರುತು ಸಂಜೆ ಹೋಯಿತು. ಯಾರೂ ಏನೂ ಮುಟ್ಟಿರಲಿಲ್ಲ.

ಅವಳು ಪರೀಕ್ಷೆಯ ಸಾಲನ್ನು ಹಚ್ಚಿದಳು. ಹಸಿರು ಪಟ್ಟಿ ಏರಿತು, ಇಳಿಯಿತು. ಫ್ಯಾನ್ ಆರಿಸಿದಳು, ಉಸಿರು ಬಿಗಿಹಿಡಿದಳು, ಮತ್ತೆ ಹಚ್ಚಿದಳು.

ಆಗ ಕೇಳಿಸಿತು. ದೂರದಿಂದ, ಬಾವಿಯೊಳಗಿಂದ ಬಂದ ಹಾಗೆ... ಗೋಡೆಯ ಆ ಕಡೆಯಿಂದ.

"ಒಳಗೆ ಯಾರಿದ್ದೀರಿ?"

ಅವಳದೇ ದನಿ. ಬೀಗ ಹಾಕಿದ ಮನೆಯಲ್ಲಿ.

ಅದರ ಹಿಂದೆಯೇ, ಫೋನಿನಲ್ಲಿ ಕೇಳಿದ್ದ ಆ ಗಂಡಸು: "ಇದ್ದೀನಿ."

ಇಷ್ಟು ವರ್ಷ ಹೆದರಿಸಿ ಹೊಟ್ಟೆ ಹೊರೆದವಳಿಗೆ ಹೆದರಿಕೆ ಅಂದರೆ ಏನೆಂದು ಆಗ ಗೊತ್ತಾಯಿತು. ಅದು ಮೊದಲು ಮಂಡಿಗೆ ಬರುತ್ತದೆ, ಬೆನ್ನಿಗಲ್ಲ. ಕತೆಗಳಲ್ಲಿ ತಪ್ಪಾಗಿ ಬರೆಯುತ್ತಾರೆ.

ಆದರೂ ಅವಳು ಹೊರಗೆ ಹೋದಳು. ಹೆದರಿಕೆಗಿಂತ ಒಂದು ಗುಲಗಂಜಿ ಹೆಚ್ಚಿಗೆ ಇದ್ದದ್ದು ಬೇರೇನೋ. ಅವಳು ಕೇಳಿದ ಪ್ರಶ್ನೆಗೆ ಜಗತ್ತಿನಲ್ಲಿ ಒಬ್ಬರು ಉತ್ತರ ಕೊಟ್ಟಿದ್ದರು.

ಮುಂಬಾಗಿಲಿಗೆ ಬೀಗ ಹಾಗೇ ಇತ್ತು. ಹಿಂದಿನ ಮೆಟ್ಟಿಲು ಸುತ್ತಿ ಹೋದಳು. ಟೀಚರ ಅಡುಗೆಮನೆಯ ಬಾಗಿಲು ಓರೆಯಾಗಿತ್ತು. ಒಳಗೆ ದೀಪವಿಲ್ಲ. ಬೆನ್ನು ಹಾಕಿ ನಿಂತಿದ್ದ ಒಂದು ಆಕೃತಿ, ಅದರ ಮುಂದೆ ಖಾಲಿ ಮೇಜು, ಮೇಜಿನ ಮೇಲೆ ಮಿಣುಕುವ ಒಂದು ನೀಲಿ ಚುಕ್ಕೆ.

'ಯಾರ್ರೀ ನೀವು' ಎಂದು ಗದರಬೇಕು ಅಂತಿದ್ದಳು. ಆದರೆ ನೂರು ಸಲ ಆಡಿದ ಸಾಲೇ ನಾಲಿಗೆಗೆ ಬಂತು.

"ಒಳಗೆ... ಯಾರಿದ್ದೀರಿ?"

ಅವನು ತಿರುಗಲಿಲ್ಲ. ನೀಲಿ ಚುಕ್ಕೆಗೆ ಹೇಳಿದ: "ನಾನೇ. ಇವತ್ತು ತುಂಬ ಹತ್ತಿರದಿಂದ ಕೇಳಿಸ್ತಿದೆ."



"ಈ ಕಡೆ ತಿರುಗಿ," ಎಂದಳು.

"ತಿರುಗಿದ್ರೆ ಹೋಗಿಬಿಡ್ತೀರಿ."

"ಹೋಗಲ್ಲ. ನನಗೆ ಕಾಲು ಬರ್ತಿಲ್ಲ."

ಅವನು ತಿರುಗಿದ. ಮೂವತ್ತೈದರ ಆಚೀಚೆ, ಬಿಸಿಲಿಗೆ ಸುಟ್ಟ ಮುಖ, ತೋಳಿನ ತುಂಬ ಎಣ್ಣೆ ಸಿಡಿದ ಹಳೆಯ ಕಲೆಗಳು. ಅವನು ಅವಳನ್ನು ಮೇಲಿಂದ ಕೆಳಗೆ ನೋಡಿದ. ನೋಟ ಪಾದದ ಹತ್ತಿರ ನಿಂತಿತು. ಅವಸರದಲ್ಲಿ ಅವಳು ಒಂದು ಕಾಲಿಗೆ ತನ್ನ ಚಪ್ಪಲಿ, ಇನ್ನೊಂದಕ್ಕೆ ಅಮ್ಮನದು ಹಾಕಿಕೊಂಡು ಬಂದಿದ್ದಳು.

"ದೆವ್ವಕ್ಕೆ ಚಪ್ಪಲಿ ಇರಲ್ಲ ಅಂದ್ಕೊಂಡಿದ್ದೆ," ಎಂದ. "ಅದೂ ಎರಡು ತರಹದ್ದು."

ದೀಪ ಹಾಕಿದ ಮೇಲೆ ಎಲ್ಲ ಸರಳವಾಯಿತು. ಅವನು ಟೀಚರ ಅಕ್ಕನ ಮಗ. ಹಡಗೊಂದರಲ್ಲಿ ಅಡುಗೆಯವನು. ಸುದ್ದಿ ಮುಟ್ಟಿದಾಗ ಅವನಿದ್ದದ್ದು ನಡುನೀರಿನಲ್ಲಿ. ದಡ ಸಿಕ್ಕಿ ಬರುವಷ್ಟರಲ್ಲಿ ಎಲ್ಲ ಮುಗಿದಿತ್ತು. ಮುಂಬಾಗಿಲ ಬೀಗದ ಕೀಲಿ ಸಿಗದೆ ಹಿಂಬಾಗಿಲಿಂದಲೇ ಓಡಾಡುತ್ತಿದ್ದ. ಬೀದಿ ಏಳುವ ಮೊದಲೇ ಹಿಂದಿನ ಓಣಿಯಿಂದ ಸಾಮಾನು ಸಾಗಿಸಿ ಸಂಜೆಗೆ ಬರುತ್ತಿದ್ದ.

ನೀಲಿ ಚುಕ್ಕೆ ಒಂದು ಸಣ್ಣ ಬ್ಲೂಟೂತ್ ಸ್ಪೀಕರಿನದು. ಅವಳಿಗೆ ನೋಡಿದ ಕೂಡಲೇ ಗುರುತು ಸಿಕ್ಕಿತು. ತನ್ನ ಕತೆ ಕೇಳಲಿ ಎಂದು ಅಮ್ಮನಿಗೆ ಅವಳೇ ತಂದುಕೊಟ್ಟ ಡಬ್ಬಿ ಅದು. ಅಮ್ಮ ಅದನ್ನು ಗುಟ್ಟಾಗಿ ಟೀಚರಿಗೆ ದಾನ ಮಾಡಿದ್ದಳು. ಕಂಪ್ಯೂಟರು ಮಾತ್ರ ಅದನ್ನು ಮರೆತಿರಲಿಲ್ಲ. ಸ್ವಂತ ಗಂಟಲು ಕಟ್ಟಿದಾಗ, ಹಳೆಯ ಪರಿಚಯದ ಗಂಟಲನ್ನು ಗೋಡೆಯಾಚೆ ಹುಡುಕಿಕೊಂಡಿತ್ತು. ಆ ಡಬ್ಬಿಗೆ ಕಿವಿಯೂ ಇತ್ತು, ಒಂದು ಪುಟ್ಟ ಮೈಕು. ಇವನು ಸಂಜೆ ಬಂದು ಡಬ್ಬಿ ಹಚ್ಚಿದ ಕ್ಷಣ ಅಲ್ಲಿ ಕೆಂಪು ಗುರುತು ಹೋಗುತ್ತಿತ್ತು. ಅವಳ ಮಾತು ಇಲ್ಲಿ ಕೇಳುತ್ತಿತ್ತು, ಇವನ ಮಾತು ಅಲ್ಲಿ ರೆಕಾರ್ಡ್ ಆಗುತ್ತಿತ್ತು.

"ನಿಮ್ಮ ದನಿ ಚಿಕ್ಕಮ್ಮನ ದನಿಯ ಹಾಗೇ ಇದೆ," ಎಂದ ಅವನು, ಡಬ್ಬಿಯನ್ನು ಬೆರಳಿಂದ ಸರಿಸುತ್ತ. "ತಗ್ಗು. ಕೇಳಿದ್ರೆ ಕೂತ್ಕೋಬೇಕು ಅನ್ಸೋ ದನಿ."

ಅವಳಿಗೆ ಯಾರೂ ಹಾಗೆ ಹೇಳಿರಲಿಲ್ಲ. ಆ ಖುಷಿಯಲ್ಲಿ, ಮುಚ್ಚಿಟ್ಟರೆ ತಪ್ಪಾಗುತ್ತದೆ ಅನ್ನಿಸಿ, ಉಳಿದದ್ದನ್ನೂ ಹೇಳಿಬಿಟ್ಟಳು.

"ನೀವು ನಿನ್ನೆ ಮಾತಾಡಿದ್ದು... ರೆಕಾರ್ಡ್ ಆಗಿದೆ. ಗೊತ್ತಿಲ್ಲದೆ ಸಂಪಾದಕರಿಗೆ ಹೋಗಿದೆ. ನಾನು ಎರಡು ಮಾತು ಕೇಳಿದ್ದು, ಅಷ್ಟೇ."

ಅವನ ಮುಖದಿಂದ ನಗು ಹೋದ ರೀತಿ ನೋಡಬೇಕಿತ್ತು. ಒಲೆ ಆರಿಸಿದ ಹಾಗೆ.

"ನಾನು ನಿಮ್ಮ ಜೊತೆ ಮಾತಾಡಿದ್ದಲ್ಲ," ಎಂದ. "ನನ್ನ ಚಿಕ್ಕಮ್ಮನ ಜೊತೆ ಮಾತಾಡಿದ್ದು. ಅದನ್ನ ದೆವ್ವದ ಕತೆ ಮಾರೋರಿಗೆ ಕಳಿಸಿದ್ದೀರಾ?"

"ಬೇಕಂತ ಅಲ್ಲ..."

"ಎಷ್ಟು ಸಂಜೆ ಬಾಗಿಲಾಚೆ ನಿಂತು ಕೇಳಿಸ್ಕೊಂಡ್ರಿ?"

"ಇವತ್ತೇ ಮೊದಲು. ನಿಜವಾಗ್ಲೂ."

"ಅಳಿಸಿಬಿಡಿ. ನಾಡಿದ್ದು ಹಡಗು ಹತ್ತುತ್ತೀನಿ. ಅಷ್ಟರೊಳಗೆ ಅದು ಎಲ್ಲೂ ಇರಬಾರದು."

ಡಬ್ಬಿಯ ಗುಂಡಿ ಒತ್ತಿದ. ನೀಲಿ ಚುಕ್ಕೆ ಆರಿತು.

ಮನೆಗೆ ಬಂದವಳು ಊಟ ಬಿಟ್ಟಳು. 'ಉತ್ತರ ಕೊಟ್ಟ ಒಬ್ಬನನ್ನೂ ಕಳ್ಳಿ ಅನ್ನಿಸ್ಕೊಂಡು ಕಳ್ಕೊಂಡೆನಾ?' ಅವನು ಹೋಗುವುದಾದರೆ ಹೋಗಲಿ. ಆದರೆ ತನ್ನ ದುಃಖವನ್ನು ಇವಳು ಕದ್ದಳು ಅಂದುಕೊಂಡು ಹೋಗಬಾರದು. ಅವಳಿಗೆ ಬೇಕಿದ್ದದ್ದು ಅಷ್ಟೇ. ಅಷ್ಟೇ ಅಂತ ತನಗೆ ತಾನೇ ಮೂರು ನಾಲ್ಕು ಸಲ ಹೇಳಿಕೊಂಡಳು.

ಬೆಳಿಗ್ಗೆ ಸಂಪಾದಕರಿಗೆ ತಾನೇ ಫೋನು ಮಾಡಿದಳು.

"ಆ ಫೈಲ್ ಅಳಿಸಿಬಿಡಿ ಸರ್."

"ಅಳಿಸೋದಾ? ಮೇಡಂ, ನಮ್ಮ ಮುಂದಿನ ಸರಣಿಯೇ ಅದು. ಏನ್ ನಟನೆ, ಏನ್ ನಟನೆ. ಇಬ್ಬರೂ ಅದ್ಭುತ."

ಇಬ್ಬರು ಅಂದರೆ ತನ್ನನ್ನೂ ಸೇರಿಸಿ ಮುಲಾಜಿಗೆ ಹೇಳುತ್ತಿದ್ದಾರೆ ಅಂದುಕೊಂಡಳು.

"ಅದು ನಟನೆ ಅಲ್ಲ. ಒಬ್ಬ ಮನುಷ್ಯ ತನ್ನ ಮನೇಲಿ ಅತ್ತಿರೋದು. ಅದನ್ನ ಹಾಕಿದ್ರೆ ನಾನು ಇನ್ನು ಒಂದು ಸಾಲೂ ಓದಲ್ಲ."

"ಅಳಿಸ್ತೀನಿ ಬಿಡಿ. ಆದ್ರೆ ಮುಂದಿನ ಸರಣಿಗೆ ಬೇರೆ ದನಿ ನೋಡ್ಕೋತೀವಿ."

"ನೋಡ್ಕೊಳ್ಳಿ," ಎಂದಳು. ದನಿ ನಡುಗಲಿಲ್ಲ; ಆ ಮಟ್ಟಿಗೆ ಅಭ್ಯಾಸ ಒಳ್ಳೆಯದು.

ಮಧ್ಯಾಹ್ನ ರೀಸ್ಟಾರ್ಟ್ ಸ್ವತಃ ಬಂದ. ಕಂಪ್ಯೂಟರಿನ ಹೊಟ್ಟೆ ಬಿಚ್ಚಿ, ಮದರ್‌ಬೋರ್ಡಿನ ಮೇಲೆ ಬರೆದಿದ್ದ ಮಾದರಿಯ ಹೆಸರು ಓದಿಕೊಂಡ.

"ನೀವು ಹಾಕಿರೋದೆಲ್ಲ ಇದರ ದಾಯಾದಿಗಳ ಡ್ರೈವರ್, ಮೇಡಂ. ಒಬ್ಬರ ಮೇಲೊಬ್ಬರು ಕೂತಿದ್ದಾರೆ. ಮೊದಲು ಎಲ್ಲರನ್ನೂ ಮನೆ ಖಾಲಿ ಮಾಡಿಸ್ಬೇಕು." ಹಳೆಯವನ್ನು ಬೇರು ಸಮೇತ ಕಿತ್ತು, ಸರಿಯಾದದ್ದನ್ನು ಹಾಕಿ, ತನ್ನ ಹೆಸರಿನ ಶಾಸ್ತ್ರವನ್ನೂ ಮುಗಿಸಿದ. ಕಂಪ್ಯೂಟರು ಎದ್ದು ಟಿಣ್ ಎಂದಿತು. ಅಮ್ಮ ಬಾಗಿಲಿಗೆ ಬಂದು, "ಬಂತಾ ಮಾತು?" ಎಂದಳು.

"ಒಂದು ಕೆಲಸ ಬಾಕಿ ಇದೆ," ಎಂದಳು ಅವಳು. ಫೈಲನ್ನು ಹುಡುಕಿ ತೆಗೆದಳು. ಅಳಿಸುವುದಕ್ಕೇ ತೆಗೆದದ್ದು. ಇವರಿಬ್ಬರ ಗಡಿಬಿಡಿಯಲ್ಲಿ ಬೆರಳು ಜಾರಿ ಒತ್ತಿದ್ದು ಬೇರೆ ಕಡೆ. ಕೋಣೆಯ ತುಂಬ ಅವನ ದನಿ ಹರಡಿತು.

"...ಇದ್ದೀನಿ, ನಾನೇ ಇರೋದು. ಈಗ ಯಾಕೆ ಸುಮ್ಮನಾದ್ರಿ? ಚಿಕ್ಕಮ್ಮ, ನಿಮ್ಮ ಮೆಷಿನ್ ಹೊಲಿಗೆ ಶಾಲೆಗೆ ಕೊಟ್ಟೆ. ಸರಿಯಾಯ್ತಾ?"

"ಹೂಂ."

ನಿಲ್ಲಿಸಲು ಹೋದ ಅವಳ ಕೈ ಅಲ್ಲೇ ನಿಂತಿತು.

"ಹಸಿರು ಬಟ್ಟೆ ನನ್ನ ಅಂಗಿಗೆ ಅಂತ ತೆಗೆದಿಟ್ಟಿದ್ದಾ?"

"ಹೂಂ."

ಹೆಣ್ಣಿನ ಹೂಂ. ತುಟಿ ಬಿಚ್ಚದೆ, ಮೂಗಿನಿಂದ ಬಂದದ್ದು. ಮೈಕಿಗೆ ಅವನಿಗಿಂತ ಹತ್ತಿರದಲ್ಲಿತ್ತು.

"ಈ ವಾರ ಹಡಗು ಹೊರಡುತ್ತೆ. ಹೋಗ್ಲಾ?"

ಬಹಳ ಹೊತ್ತು ಏನೂ ಇಲ್ಲ. ಆಮೇಲೆ, ಸ್ಪಷ್ಟವಾಗಿ:

"ಉಹೂಂ."

ಅಮ್ಮ ಬಾಗಿಲ ಚೌಕಟ್ಟನ್ನು ಹಿಡಿದುಕೊಂಡಳು. "ಟೀಚರಮ್ಮ," ಎಂದಳು. "ಬಾಯಲ್ಲಿ ಯಾವಾಗಲೂ ಗುಂಡುಪಿನ್ನು ಕಚ್ಕೊಂಡಿರ್ತಿದ್ರು ಕಣೆ. ನಾನು ಎಷ್ಟು ಮಾತಾಡಿದ್ರೂ ಹೂಂ, ಇಲ್ಲಾಂದ್ರೆ ಉಹೂಂ. ಹೀಗೇ."

ರೀಸ್ಟಾರ್ಟ್ ಗಂಟಲು ಸರಿಮಾಡಿಕೊಂಡ. "ಅದು ಹಮ್ಮಿಂಗ್ ಅಮ್ಮ, ವೈರಿನ ಗುಂಯ್ ಸದ್ದು. ಅರ್ಥಿಂಗ್ ಸರಿ ಇಲ್ಲದಿದ್ರೆ ಬರುತ್ತೆ." ಹಾಗೆನ್ನುತ್ತಲೇ ತನ್ನ ಸ್ಕ್ರೂಡ್ರೈವರುಗಳನ್ನು ಚೀಲಕ್ಕೆ ತುಂಬಿಕೊಂಡು, ಕೊಟ್ಟ ಕಾಫಿಯನ್ನೂ ಕುಡಿಯದೆ ಹೊರಟುಹೋದ.

ಅವಳು ಪರದೆಯ ಮುಂದೆ ಕೂತೇ ಇದ್ದಳು. ಅಳಿಸಿಬಿಡಿ ಅಂತ ಅವನು ಹೇಳಿದ್ದಾನೆ. ಅಳಿಸಿದರೆ, ಅವನಿಗೆ ಸಿಕ್ಕ ಉತ್ತರ ಅವನಿಗೆ ಎಂದೂ ಮುಟ್ಟುವುದಿಲ್ಲ. ಕೇಳಿಸಿದರೆ... ದೆವ್ವದ ಕತೆಯವಳು ಇನ್ನೊಂದು ದೆವ್ವ ಕಟ್ಟಿಕೊಂಡು ಬಂದಳು ಅನ್ನುತ್ತಾನೆ. ನ್ಯಾಯವಾಗಿಯೇ ಅನ್ನುತ್ತಾನೆ.

"ಏನ್ ಯೋಚನೆ ಮಾಡ್ತಿದ್ದೀಯ?" ಎಂದಳು ಅಮ್ಮ.

"ಬೈಸ್ಕೋಬೇಕಾ ಬೇಡ್ವಾ ಅಂತ."

"ಬೈಸ್ಕೋ. ನೀನು ಯಾರ ಹತ್ರಾನೂ ಬೈಸ್ಕೊಳ್ಳೋವಷ್ಟು ಹತ್ತಿರ ಹೋಗಿದ್ದನ್ನೇ ನಾನು ನೋಡಿಲ್ಲ."

ಫೈಲನ್ನು ಮೊಬೈಲಿಗೆ ಹಾಕಿಕೊಂಡು ಹಿಂದಿನ ಮೆಟ್ಟಿಲು ಹತ್ತಿದಳು. ಸಂಜೆ ಇನ್ನೂ ಪೂರ್ತಿ ಇಳಿದಿರಲಿಲ್ಲ. ಅವನು ಟ್ರಂಕಿಗೆ ಹಗ್ಗ ಬಿಗಿಯುತ್ತಿದ್ದ.

"ಅಳಿಸಿದ್ರಾ?"

"ಸಂಪಾದಕರು ಅಳಿಸಿದ್ರು. ನನ್ನ ಹತ್ರ ಇರೋದು ಒಂದೇ. ಅದನ್ನ ನೀವೇ ಅಳಿಸಿ. ಆದ್ರೆ ಒಂದು ಸಲ ಕೇಳಿ."

"ನಾನು ಆಡಿದ್ದು ನನಗೆ ಗೊತ್ತಿದೆ."

"ನೀವು ಆಡಿದ್ದಲ್ಲ."

ಅವನು ಮೊಬೈಲನ್ನು ಕಿವಿಗೆ ಹಿಡಿದ. ಮೊದಲ ಹೂಂ ಬಂದಾಗ ಹಗ್ಗ ಹಿಡಿದಿದ್ದ ಕೈ ಸಡಿಲವಾಯಿತು. ಎರಡನೆಯದಕ್ಕೆ ಕಣ್ಣು ಮುಚ್ಚಿದ. ಕೊನೆಯದು ಬಂದ ಮೇಲೆ ಅವಳ ಕಡೆ ನೋಡಿದ. ನೋಟ ಗಟ್ಟಿಯಾಗಿತ್ತು.

"ನೀವು ಸೇರಿಸಿದ್ದಾ?"



"ನಾನು ವರ್ಷಗಟ್ಟಲೆ ಕತೆ ಓದಿದ್ದೀನಿ," ಎಂದಳು ನಿಧಾನಕ್ಕೆ. "ಖಾಲಿ ಕೋಣೇಲಿ. ಕತೆ ಕೇಳ್ತಾ ಹೂಂ ಅನ್ನೋರು ಒಬ್ಬರು ಇದ್ದಿದ್ರೆ ಹೇಗಿರುತ್ತೆ ಅಂತ ಎಷ್ಟೋ ಸಲ ಅನ್ಸಿದೆ. ಅದನ್ನ ಸುಳ್ಳು ಮಾಡೋಕೆ ನನಗೆ ಮನಸ್ಸು ಬರುತ್ತಾ? ನಂಬದಿದ್ರೆ ಬಿಡಿ. ಅಳಿಸಿ ಹೋಗಿ. ನಿಮ್ಮ ಮಾತು ನಾನು ಕದ್ದೆ ಅಂತ ಮಾತ್ರ ಅಂದ್ಕೋಬೇಡಿ."

ಅವನು ಟ್ರಂಕಿನ ಮೇಲೆ ಕುಳಿತ. ಹಿಂದಿನ ಬಾಗಿಲಿನಿಂದ ಗಾಳಿ ಬಂದು, ಸುರುಳಿ ಸುತ್ತಿಟ್ಟಿದ್ದ ಹಸಿರು ಬಟ್ಟೆಯ ತುದಿಯನ್ನು ಎತ್ತಿತು, ಅಳತೆ ನೋಡುವವರ ಹಾಗೆ ಅವನ ತೋಳಿಗೆ ತಾಗಿಸಿತು, ಬಿಟ್ಟಿತು. ಇಬ್ಬರೂ ನೋಡಿದರು.

"ಆ ಬಟ್ಟೆ ವಿಷಯ ಯಾರಿಗೂ ಗೊತ್ತಿರಲಿಲ್ಲ," ಎಂದ ಕೊನೆಗೆ. "ನನ್ನ ಅಂಗಿಗೆ ಅಂತ ನಾನು ಊಹೆ ಮಾಡಿದ್ದಷ್ಟೇ. ಅವರು ಹೂಂ ಅಂದಿದ್ದಾರೆ."

"ರಿಪೇರಿಯವರು ಅರ್ಥಿಂಗ್ ಸರಿ ಇಲ್ಲ ಅಂತಾರೆ."

"ಹೋಗಬೇಡ ಅಂತಾನೂ ಅರ್ಥಿಂಗೇ ಹೇಳ್ತಾ?"

"ಅದನ್ನ ಹೇಳೋಕೆ ಅವರು ನಿಲ್ಲಲಿಲ್ಲ. ಓಡಿಹೋದ್ರು."

ಅವನಿಗೆ ನಗು ಬಂತು. ನಗುವಿನ ಜೊತೆ ಕಣ್ಣೀರೂ ಬಂತು. ಎರಡನ್ನೂ ಒಂದೇ ತೋಳಿನಿಂದ ಒರೆಸಿಕೊಂಡ.

"ಅವರು ಹೇಳಿದ್ದಾಯ್ತು," ಎಂದ. "ನೀವೇನಂತೀರಿ?"

ಯಾರೋ ಬರೆದುಕೊಟ್ಟದ್ದನ್ನೇ ಓದಿ ಅಭ್ಯಾಸವಾದವಳು. ಮುಂದೆ ಹಾಳೆ ಇಲ್ಲ, ಮೈಕೂ ಇಲ್ಲ. ದನಿ ಎಂದಿಗಿಂತ ಒಂದು ಮೆಟ್ಟಿಲು ಕೆಳಗೆ ಇಳಿಯಿತು. ಅವಳು ಅದನ್ನು ಮೇಲೆತ್ತಲು ಹೋಗಲಿಲ್ಲ.

"ನಾನೂ ಬೇಡ ಅಂತೀನಿ," ಎಂದಳು. "ಚಿಕ್ಕಮ್ಮನ ಸಲುವಾಗಿ ಅಲ್ಲ. ನನಗೇ ಬೇಡ."

ಅವನು ಹಗ್ಗದ ಗಂಟು ಬಿಚ್ಚತೊಡಗಿದ. ಗಟ್ಟಿ ಗಂಟು, ಹಡಗಿನವರು ಹಾಕುವಂಥದ್ದು. ಅವಳು ಎದುರು ಕೂತು ಇನ್ನೊಂದು ತುದಿ ಹಿಡಿದುಕೊಂಡಳು.

"ಹಡಗಿನವರಿಗೆ ಏನು ಹೇಳ್ತೀರಿ?"

"ಮನೆಯಲ್ಲಿ ಒಪ್ಪಲಿಲ್ಲ ಅಂತ."

"ಯಾವ ಮನೆಯಲ್ಲಿ?"

ಅವನು ನಡುವಿನ ಗೋಡೆಯನ್ನು ನೋಡಿದ, ಆಮೇಲೆ ಅವಳನ್ನು.

"ಎರಡರಲ್ಲೂ."